ಗ್ರಾಮೊಫೋನ್ ತಟ್ಟೆಯ ಸವೆತ

ಗ್ರಾಮೊಫೋನ್ ತಟ್ಟೆಯನ್ನು ನುಡಿಸುವಾಗ ಮುಳ್ಳಿನ ಒತ್ತಡದಿಂದ ಅದರ ಗೀರುಗಳ ಗೋಡೆ ಕ್ರಮೇಣ ಹಾಳಾಗುವುದನ್ನು ಗ್ರಾಮೊಫೋನ್ ತಟ್ಟೆಯ ಸವೆತ ಎನ್ನುತ್ತಾರೆ. ಸವೆದ ತಟ್ಟೆಯಲ್ಲಿ ಗರಗರ ಸದ್ದು ಹೆಚ್ಚಿ, ತಾರಸ್ವರಗಳು ಮಂಕಾಗುತ್ತವೆ.

ಅರಗಿನ ತಟ್ಟೆಗಳು

ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ ಬೆರೆಸಿ ತಯಾರಿಸುತ್ತಿದ್ದರು. ಈ ಪುಡಿ ಉಕ್ಕಿನ ಮುಳ್ಳನ್ನು ಗೀರಿನ ಆಕಾರಕ್ಕೆ ತೇಯುತ್ತಿತ್ತು. ಕೀಲಿ ಕೊಡುವ ಗ್ರಾಮೊಫೋನುಗಳಲ್ಲಿ ಮುಳ್ಳಿನ ಮೇಲೆ ಸುಮಾರು 100 ಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾರ ಬೀಳುತ್ತಿದ್ದುದರಿಂದ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಬೇಕಾಗುತ್ತಿತ್ತು. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ ನೆರವಿನಿಂದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಸ್ವತಃ ನುಡಿಸಿದ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಎಚ್.ಎಂ.ವಿ. ಸಂಸ್ಥೆ ಹೊರತಂದದ್ದು ಇಂತಹ 78 ಸುತ್ತಿನ ತಟ್ಟೆಗಳಲ್ಲಿಯೇ.

ಮುಳ್ಳಿನ ಭಾರ

1948ರಲ್ಲಿ ಬಂದ ವಿನೈಲ್ ಎಲ್‌ಪಿ ತಟ್ಟೆಗಳ ಗೀರು ಕಿರಿದು, ವಸ್ತು ಮೃದು. ಇವುಗಳಿಗೆ ಬಳಸುವ ಇಂದಿನ ಬಹುತೇಕ ಕಾರ್ಟ್ರಿಜ್‌ಗಳ ಭಾರ 1.5ರಿಂದ 2.5 ಗ್ರಾಂ. ಭಾರ ಹೆಚ್ಚಾದರೆ ಸವೆತ ಹೆಚ್ಚುತ್ತದೆ. ಆದರೆ ಅತಿ ಕಡಿಮೆಯಾದರೂ ಹಾನಿಯೇ: ಮುಳ್ಳು ಗೀರಿನ ಹಿಡಿತ ತಪ್ಪಿ ಗೋಡೆಗೆ ಬಡಿಯುತ್ತದೆ. ಆದ್ದರಿಂದ ತಯಾರಕರು ಸೂಚಿಸಿದ ಮಿತಿಯೊಳಗೇ ಭಾರವನ್ನು ಹೊಂದಿಸಬೇಕು.

ಮುಳ್ಳಿನ ಆಕಾರ

ಸವೆತವನ್ನು ನಿರ್ಧರಿಸುವುದು ಭಾರವೊಂದೇ ಅಲ್ಲ. ಆ ಭಾರ ಎಷ್ಟು ಜಾಗದ ಮೇಲೆ ಹಂಚಿಹೋಗುತ್ತದೆ ಎಂಬುದೂ ಮುಖ್ಯ.

* ಶಂಕುವಿನಾಕಾರ: ತುದಿ ದುಂಡಗಿದ್ದು, ಸೂಕ್ಷ್ಮ ತಿರುವುಗಳನ್ನು ಪೂರ್ತಿಯಾಗಿ ಅನುಸರಿಸದು.
* ಅಂಡಾಕಾರ: ತಿರುವುಗಳನ್ನು ಚೆನ್ನಾಗಿ ಅನುಸರಿಸುತ್ತದೆ, ಆದರೆ ಸ್ಪರ್ಶದ ಜಾಗ ಕಿರಿದಾದಷ್ಟೂ ಅದೇ ಭಾರಕ್ಕೆ ಒತ್ತಡ ಹೆಚ್ಚು.
* ರೇಖಾಸ್ಪರ್ಶ: ಶಿಬಾಟ ಮೊದಲಾದ ಮುಳ್ಳುಗಳು ಗೋಡೆಯನ್ನು ಉದ್ದಕ್ಕೆ ತಾಗಿ ಒತ್ತಡವನ್ನು ಹಂಚುತ್ತವೆ. ಇವುಗಳ ಜೋಡಣೆ ಕರಾರುವಾಕ್ಕಾಗಿರಬೇಕು.

ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78 ಸುತ್ತಿನ ತಟ್ಟೆಗೆ ಸುಮಾರು 65ರಿಂದ 75 ಮೈಕ್ರಾನ್ ಬೇಕು. ಸವೆದು ಅಂಚು ಹರಿತವಾದ ವಜ್ರದ ಮುಳ್ಳು, ಭಾರ ಸರಿಯಾಗಿದ್ದರೂ ತಟ್ಟೆಯನ್ನು ಕೆತ್ತುತ್ತದೆ.