ಬಾಸ್ಟನ್ ಮೊಕದ್ದಮೆಯೂ ವಕೀಲನ ಧರ್ಮವೂ

ಊರೆಲ್ಲ ದ್ವೇಷಿಸುವವನ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವುದು ವಕೀಲನಿಗೆ ಭೂಷಣವೋ ದೂಷಣವೋ ಎಂಬ ಚರ್ಚೆ ಬಂದಾಗ ಬಾಸ್ಟನ್ ನಗರದ 1770ನೆಯ ಇಸವಿಯ ಮೊಕದ್ದಮೆಯನ್ನು ಉದಾಹರಿಸುವುದು ವಾಡಿಕೆ. ಆ ಕಥೆಯ ಪೂರ್ವಾರ್ಧವನ್ನಷ್ಟೇ ಹೇಳಿ ನಿಲ್ಲಿಸಿಬಿಡುವುದೂ ವಾಡಿಕೆಯೇ.

ಅಮೆರಿಕದ ವಸಾಹತುಗಳು ಆಗಿನ್ನೂ ಇಂಗ್ಲೆಂಡಿನ ಅಧೀನದಲ್ಲಿದ್ದುವು. ಮಾರ್ಚ್ 5ರ ರಾತ್ರಿ ಬಾಸ್ಟನ್ನಿನ ಸುಂಕದ ಕಚೇರಿಯ ಮುಂದೆ ಕಾವಲಿದ್ದ ಆಂಗ್ಲ ಸಿಪಾಯಿಯನ್ನು ಜನರು ಮುತ್ತಿ ಹಿಮದ ಉಂಡೆಗಳನ್ನೂ ಮಂಜುಗಡ್ಡೆಗಳನ್ನೂ ಎಸೆಯತೊಡಗಿದರು. ಅವನ ಸಹಾಯಕ್ಕೆ ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಏಳು ಮಂದಿ ಸಿಪಾಯಿಗಳೊಡನೆ ಬಂದನು. ಗದ್ದಲದಲ್ಲಿ ಗುಂಡುಗಳು ಹಾರಿದುವು, ಐವರು ಸತ್ತರು.

ಆಪಾದಿತರ ವಕಾಲತ್ತು ವಹಿಸಿದವರಲ್ಲಿ ಮುಖ್ಯರು ಜಾನ್ ಆಡಮ್ಸ್ ಮತ್ತು ತರುಣ ಜೊಸಾಯ ಕ್ವಿನ್ಸಿ. ಇಬ್ಬರೂ ಇಂಗ್ಲೆಂಡಿನ ದಬ್ಬಾಳಿಕೆಯನ್ನು ವಿರೋಧಿಸುತ್ತಿದ್ದವರೇ. ಕ್ವಿನ್ಸಿಯ ತಂದೆ ನೊಂದು ಮಗನಿಗೆ ಕಾಗದ ಬರೆದನು. ಅಪರಾಧವು ಸಿದ್ಧವಾಗುವ ತನಕ ಅವರಿಗೂ ಕಾನೂನಿನ ನೆರವು ಸಲ್ಲತಕ್ಕದ್ದೆಂದು ಮಗನು ಉತ್ತರ ಕೊಟ್ಟನು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗರು ತಂದೆಯ ಪಕ್ಷವನ್ನೇ ವಹಿಸುವುದನ್ನು ಕಂಡಿದ್ದೇನೆ. ಸಿಪಾಯಿಗಳ ವಿರುದ್ಧ ಸರಕಾರದ ಪರ ವಾದಿಸಿದವನು ಕ್ವಿನ್ಸಿಯ ಸ್ವಂತ ಅಣ್ಣ ಸ್ಯಾಮ್ಯುಅಲ್. ಅವನಾದರೋ ದೊರೆಯ ಪಕ್ಷಪಾತಿ!

ಬಾಸ್ಟನ್ನಿನವರು ಆಡಮ್ಸನನ್ನು ಬಹಿಷ್ಕರಿಸಲಿಲ್ಲ. ವಿಚಾರಣೆಗೆ ಮೊದಲೇ, ಜೂನ್ ತಿಂಗಳಲ್ಲಿ, ಶಾಸನಸಭೆಗೆ ಆರಿಸಿ ಕಳುಹಿಸಿದರು. ಆದುದರಿಂದ ಈ ಪ್ರಕರಣದ ನಿಜವಾದ ತೊಡಕನ್ನು ಬೀದಿಯಲ್ಲಿ ಹುಡುಕದೆ ನ್ಯಾಯಾಲಯದ ಒಳಗೇ ಹುಡುಕಬೇಕು.

ಗುಂಡು ಹಾರಿಸಲು ತಾನು ಆಜ್ಞೆ ಕೊಡಲೇ ಇಲ್ಲವೆಂಬುದು ಪ್ರೆಸ್ಟನನ ವಾದ. ಆಜ್ಞೆಯಂತೆ ನಡೆದೆವು, ನಡೆಯದಿದ್ದರೆ ನಮ್ಮನ್ನೇ ಕೊಲ್ಲುತ್ತಿದ್ದರು ಎಂಬುದು ಸಿಪಾಯಿಗಳ ಅಳಲು. ಒಬ್ಬನು ಪಾರಾಗುವ ದಾರಿಯೇ ಉಳಿದವರಿಗೆ ಉರುಳು! ತಮ್ಮನ್ನೂ ಕ್ಯಾಪ್ಟನನನ್ನೂ ಒಟ್ಟಿಗೆ ವಿಚಾರಿಸಬೇಕೆಂದು ಸಿಪಾಯಿಗಳು ಅರ್ಜಿಯಿಟ್ಟರೂ ಅದು ಫಲಿಸಲಿಲ್ಲ. ಅಕ್ಟೋಬರಿನಲ್ಲಿ ಪ್ರೆಸ್ಟನ್ ಬಿಡುಗಡೆ ಹೊಂದಿದನು. ಅವನ ಪರ ವಾದಿಸಿದ ಆಡಮ್ಸನೂ ಕ್ವಿನ್ಸಿಯೂ ನವೆಂಬರಿನಲ್ಲಿ ಸಿಪಾಯಿಗಳ ಪರ ನಿಂತರು. ಪರಸ್ಪರ ವಿರುದ್ಧ ಹಿತಗಳುಳ್ಳ ಕಕ್ಷಿಗಾರರನ್ನು ಒಬ್ಬನೇ ವಹಿಸಬಾರದೆಂಬ ಇಂದಿನ ವೃತ್ತಿಧರ್ಮದಿಂದ ನೋಡಿದರೆ ಇದು ಸಣ್ಣ ಸಂಗತಿಯಲ್ಲ.

ಆಡಮ್ಸ್ ಆತ್ಮರಕ್ಷಣೆಯ ವಾದವನ್ನು ಹಿಡಿದನು. ಆದರೆ ಊರವರು ಸಿಪಾಯಿಗಳನ್ನು ಕೆಣಕಿದ ಬಗೆಗೆ ಕ್ವಿನ್ಸಿ ಸಾಕ್ಷಿಗಳನ್ನು ಇನ್ನಷ್ಟು ಕೆದಕಹೊರಟಾಗ ಅವನನ್ನು ತಡೆದನು. ಕಕ್ಷಿಗಾರನ ಹಿತ ದೊಡ್ಡದೋ, ಊರಿನ ಮಾನ ದೊಡ್ಡದೋ? ಊರಿನ ಮಾನವನ್ನುಳಿಸಲು ಅವನು ಕಂಡುಕೊಂಡ ಉಪಾಯವಂತೂ ಒಪ್ಪತಕ್ಕದ್ದಲ್ಲ. ಗಲಭೆ ಮಾಡಿದವರು ಪೋಕರಿ ಹುಡುಗರು, ಕರಿಯರು, ಐರಿಷರು, ಪರಸ್ಥಳದ ನಾವಿಕರು ಎಂದನು. ಸತ್ತವರಲ್ಲೊಬ್ಬನಾದ, ಆಫ್ರಿಕದ ಹಾಗೂ ಅಮೆರಿಕದ ಮೂಲನಿವಾಸಿಗಳ ಸಂತತಿಯ ಕ್ರಿಸ್ಪಸ್ ಅಟಕ್ಸನ ರೂಪವೇ ಭೀಕರವೆಂದು ಪಂಚರಿಗೆ ಬಣ್ಣಿಸಿದನು. ಊರಿಗೆ ಬೇಡವಾದವರನ್ನು ಉಳಿಸಲು, ಊರಲ್ಲಿ ಹೇಳಕೇಳುವವರಿಲ್ಲದವರ ಮೇಲೆ ದೋಷ ಹೊರಿಸಿದಂತಾಯಿತು.

ಆರು ಮಂದಿ ಬಿಡುಗಡೆಯಾದರು. ಇನ್ನಿಬ್ಬರು ಕೊಲೆಗಿಂತ ಕಡಮೆಯಾದ ನರಹತ್ಯೆಯ ಅಪರಾಧಿಗಳೆಂದು ನಿರ್ಣಯವಾಗಿ, ಹಳೆಯ ಆಂಗ್ಲ ಕಾನೂನಿನ ಒಂದು ರಿಯಾಯಿತಿಯಿಂದ ಗಲ್ಲು ತಪ್ಪಿ, ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಹೊರಟರು. ಮೂರು ವರ್ಷಗಳ ಅನಂತರ ಆಡಮ್ಸ್ ಈ ವಕಾಲತ್ತನ್ನು ತನ್ನ ಬಾಳಿನ ಉತ್ತಮ ಕಾರ್ಯಗಳಲ್ಲೊಂದೆಂದು ದಿನಚರಿಯಲ್ಲಿ ಬರೆದುಕೊಂಡನು. 1888ರಲ್ಲಿ ಬಾಸ್ಟನ್ನಿನಲ್ಲಿ ಸತ್ತ ಐವರಿಗೂ ಸ್ಮಾರಕವನ್ನು ನಿಲ್ಲಿಸಿದಾಗ ಅಟಕ್ಸನ ಹೆಸರೂ ಅದರಲ್ಲಿ ಸೇರಿತು.