ಉದ್ಯೋಗಿಗಳ ಆರೋಗ್ಯ ವಿಮೆ ಮತ್ತು ತೂಕ ನಿರ್ವಹಣೆ

ಉದ್ಯೋಗಿಗಳ ಆರೋಗ್ಯ ವಿಮೆ ಎಂದರೆ ಉದ್ಯೋಗದ ಸಂಬಂಧದ ಮೂಲಕ ನೌಕರರಿಗೂ ಅವರ ಅವಲಂಬಿತರಿಗೂ ದೊರೆಯುವ ವೈದ್ಯಕೀಯ ವೆಚ್ಚದ ರಕ್ಷಣೆ. ಭಾರತದಲ್ಲಿ ಇದು ಮುಖ್ಯವಾಗಿ ಎರಡು ರೂಪಗಳಲ್ಲಿದೆ. ಒಂದು, ಶಾಸನಬದ್ಧವಾದ ನೌಕರರ ರಾಜ್ಯ ವಿಮಾ ಯೋಜನೆ (ಇಎಸ್‌ಐ). ಇನ್ನೊಂದು, ಉದ್ಯೋಗದಾತರು ವಿಮಾ ಕಂಪನಿಗಳಿಂದ ಪಡೆಯುವ ಗುಂಪು ಆರೋಗ್ಯ ವಿಮೆ. ಬೊಜ್ಜು ಮತ್ತು ಅದರಿಂದ ಉಂಟಾಗುವ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳು ದುಡಿಯುವ ವಯಸ್ಸಿನಲ್ಲೇ ಹೆಚ್ಚುತ್ತಿರುವುದರಿಂದ, ತಪಾಸಣೆ, ಸಲಹೆ, ಔಷಧ ಮತ್ತು ಶಸ್ತ್ರಚಿಕಿತ್ಸೆಗಳ ಮೂಲಕ ತೂಕ ನಿರ್ವಹಣೆಗೆ ನೆರವಾಗುವುದೂ ಇಂತಹ ವಿಮೆಯ ಕಾರ್ಯವ್ಯಾಪ್ತಿಗೆ ಕ್ರಮೇಣ ಸೇರುತ್ತಿದೆ.

ಹಿನ್ನೆಲೆ

ವ್ಯಕ್ತಿಯ ತೂಕವನ್ನು (ಕಿಲೋಗ್ರಾಂ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ದೇಹದ್ರವ್ಯರಾಶಿ ಸೂಚ್ಯಂಕ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಂತೆ ಈ ಸೂಚ್ಯಂಕ 25ನ್ನು ತಲುಪಿದರೆ ಅಧಿಕ ತೂಕ, 30ನ್ನು ತಲುಪಿದರೆ ಬೊಜ್ಜು. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗದ ಅಪಾಯ ಕಾಣಿಸಿಕೊಳ್ಳುವುದರಿಂದ, 2009ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದ ಹೇಳಿಕೆಯು 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸಿತು. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ ಸೊಂಟದ ಸುತ್ತಳತೆಯನ್ನು ಹೊಟ್ಟೆಯ ಬೊಜ್ಜಿನ ಲಕ್ಷಣವೆಂದು ಗುರುತಿಸಲಾಗಿದೆ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ ಶೇ. 24 ಮಹಿಳೆಯರು ಹಾಗೂ ಶೇ. 22.9 ಪುರುಷರು 25 ಅಥವಾ ಅದಕ್ಕಿಂತ ಹೆಚ್ಚಿನ ಸೂಚ್ಯಂಕ ಹೊಂದಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಮಹಿಳೆಯರಲ್ಲಿ ಶೇ. 30.1, ಪುರುಷರಲ್ಲಿ ಶೇ. 30.9. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿರುವುದನ್ನೂ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿರುವುದನ್ನೂ ದಾಖಲಿಸಿತು.

ಉಡುಪಿ ಜಿಲ್ಲೆಯಲ್ಲಿ ಉದ್ಯೋಗದ ಸ್ವರೂಪ

ಒಂದೇ ಪ್ರದೇಶದ ದುಡಿಯುವ ಜನರಿಗೆ ವಿಮೆಯ ರಕ್ಷಣೆ ಎಷ್ಟು ಬಗೆಯಾಗಿ ಹಂಚಿಹೋಗಿದೆ ಎಂಬುದಕ್ಕೆ ಉಡುಪಿ ಜಿಲ್ಲೆ ಉತ್ತಮ ನಿದರ್ಶನ. ಕಾಪು ತಾಲೂಕಿನ ಎರ್ಮಾಳ್ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಕಾಪು ಮತ್ತು ಪಡುಬಿದ್ರಿಗಳ ನಡುವೆ ಇರುವ ಕಡಲತೀರದ ಊರು. ಬಡಾ ಎರ್ಮಾಳ್ ಮತ್ತು ತೆಂಕ ಎರ್ಮಾಳ್ ಎಂಬ ಎರಡು ಭಾಗಗಳುಳ್ಳ ಈ ಊರಿನ ಸುತ್ತಮುತ್ತ ಮೀನುಗಾರಿಕೆ, ಕೃಷಿ, ಬೀಡಿ ಕಟ್ಟುವ ಕೆಲಸಗಳು ಹಳೆಯ ಜೀವನೋಪಾಯಗಳು. ಸಮೀಪದ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಕಾರ್ಕಳದ ಕಡೆ ಗೇರುಬೀಜ ಕಾರ್ಖಾನೆಗಳಿವೆ. ಮಣಿಪಾಲದಲ್ಲಿ ಶಿಕ್ಷಣ ಸಂಸ್ಥೆಗಳು, ಆಸ್ಪತ್ರೆ ಮತ್ತು ಕಚೇರಿಗಳು ಸಾವಿರಾರು ಜನರಿಗೆ ಉದ್ಯೋಗ ನೀಡಿವೆ.

ಉಡುಪಿ ಬ್ಯಾಂಕಿಂಗ್ ಉದ್ಯಮದ ತೊಟ್ಟಿಲುಗಳಲ್ಲೊಂದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಇಲ್ಲಿಯೇ ಹುಟ್ಟಿದವು. 2020ರ ಏಪ್ರಿಲ್ 1ರಂದು ಇವು ಕ್ರಮವಾಗಿ ಯೂನಿಯನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳಲ್ಲಿ ವಿಲೀನಗೊಂಡವು. ದೋಣಿ ಮತ್ತು ಗದ್ದೆಗಳ ದುಡಿಮೆಯಿಂದ ಮೇಜು-ಕುರ್ಚಿಯ ದುಡಿಮೆಗೆ ಒಂದೆರಡು ತಲೆಮಾರುಗಳಲ್ಲಿ ಸಾಗಿಬಂದ ಕುಟುಂಬಗಳು ಜಿಲ್ಲೆಯಲ್ಲಿ ಬಹಳ. ಮೈ ದಣಿಸುವ ಕೆಲಸ ಕಡಿಮೆಯಾದರೂ ಕುಚ್ಚಲಕ್ಕಿ ಅನ್ನದ ಪ್ರಮಾಣ ಅದೇ ಅಳತೆಗೆ ಇಳಿಯದಿರುವುದು, ಅದರ ಜೊತೆಗೆ ಬೇಕರಿ ತಿನಿಸು ಮತ್ತು ಕರಿದ ತಿಂಡಿಗಳು ಸೇರಿಕೊಂಡಿರುವುದು ತೂಕ ಹೆಚ್ಚಲು ಅನುಕೂಲವಾದ ಸ್ಥಿತಿ.

ನೌಕರರ ರಾಜ್ಯ ವಿಮಾ ಯೋಜನೆ

1948ರ ನೌಕರರ ರಾಜ್ಯ ವಿಮಾ ಕಾಯ್ದೆಯ ಅನ್ವಯ ಈ ಯೋಜನೆ 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 1958ರಲ್ಲಿ ಬೆಂಗಳೂರಿನಲ್ಲಿ ಮೊದಲು ಜಾರಿಗೆ ಬಂದಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. 2017ರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ಇದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈ 1ರಿಂದ ನೌಕರನ ವಂತಿಗೆ ವೇತನದ ಶೇ. 0.75, ಉದ್ಯೋಗದಾತರದು ಶೇ. 3.25. ಉದಾಹರಣೆಗೆ, 20,000 ರೂಪಾಯಿ ವೇತನದ ಕಾರ್ಮಿಕನಿಂದ 150 ರೂಪಾಯಿ, ಮಾಲೀಕರಿಂದ 650 ರೂಪಾಯಿ ಪ್ರತಿ ತಿಂಗಳು ಪಾವತಿಯಾಗುತ್ತದೆ.

ಖಾಸಗಿ ಪಾಲಿಸಿಗಳು ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದಾಗಲಷ್ಟೇ ವೆಚ್ಚ ಭರಿಸುತ್ತವೆ. ಇಎಸ್‌ಐ ಯೋಜನೆಯಲ್ಲಿ ಚಿಕಿತ್ಸಾಲಯದ ಹೊರರೋಗಿ ಸೇವೆ, ಪರೀಕ್ಷೆ ಮತ್ತು ಔಷಧಗಳೂ ಸೇರಿವೆ. ತೂಕಕ್ಕೆ ಸಂಬಂಧಿಸಿದ ಮಧುಮೇಹ, ರಕ್ತದೊತ್ತಡಗಳಿಗೆ ಬೇಕಾದದ್ದು ವರ್ಷಾನುಗಟ್ಟಲೆ ಬಿಡದೆ ನಡೆಯುವ ಹೊರರೋಗಿ ಆರೈಕೆಯೇ ಆದ್ದರಿಂದ, ಈ ದೃಷ್ಟಿಯಿಂದ ಕಡಿಮೆ ವೇತನದ ಕಾರ್ಖಾನೆ ಕಾರ್ಮಿಕರಿಗಿರುವ ರಕ್ಷಣೆಯು ಹೆಚ್ಚಿನ ವೇತನದ ಅನೇಕ ಕಚೇರಿ ನೌಕರರಿಗಿರುವುದಕ್ಕಿಂತ ವಿಶಾಲವಾಗಿದೆ. ಆದರೆ ವೇತನ 21,000 ರೂಪಾಯಿ ದಾಟಿದವರು ವಂತಿಗೆಯ ಅವಧಿ ಮುಗಿದೊಡನೆ ಯೋಜನೆಯಿಂದ ಹೊರಗುಳಿಯುತ್ತಾರೆ.

ಬ್ಯಾಂಕ್ ನೌಕರರ ವಿಮೆ

2015ರ ಮೇ 25ರ ಹತ್ತನೆಯ ದ್ವಿಪಕ್ಷೀಯ ಒಪ್ಪಂದದ ನಂತರ ಬ್ಯಾಂಕ್ ನೌಕರರಿಗೆ ಗುಂಪು ವೈದ್ಯಕೀಯ ವಿಮೆ ಜಾರಿಗೆ ಬಂದಿತು. ಆಗ ನಿಗದಿಯಾದ ವಾರ್ಷಿಕ ವಿಮಾ ಮೊತ್ತ ಅಧಿಕಾರಿಗಳಿಗೆ 4 ಲಕ್ಷ ರೂಪಾಯಿ, ಇತರ ನೌಕರರಿಗೆ 3 ಲಕ್ಷ ರೂಪಾಯಿ. ಆಸ್ಪತ್ರೆಗೆ ದಾಖಲಾಗದೆ ಮನೆಯಲ್ಲಿದ್ದುಕೊಂಡೇ ಪಡೆಯುವ ಚಿಕಿತ್ಸೆಗೂ ವೆಚ್ಚ ಮರುಪಾವತಿಯಾಗುವ ಕಾಯಿಲೆಗಳ ದೀರ್ಘ ಪಟ್ಟಿ ಈ ಯೋಜನೆಯಲ್ಲಿತ್ತು. ಮಧುಮೇಹ ಮತ್ತು ರಕ್ತದೊತ್ತಡ ಆ ಪಟ್ಟಿಯಲ್ಲಿದ್ದವು. ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಯೂ ಇತ್ತು, ಆದರೆ ಅದು ಬೊಜ್ಜಿಗೆ ಸಂಬಂಧಿಸಿದ್ದಾಗಿರಬಾರದು ಎಂಬ ಷರತ್ತಿನೊಂದಿಗೆ. ಬೊಜ್ಜನ್ನು ರೋಗವೆಂದು ಎಣಿಸದೆ ವ್ಯಕ್ತಿಯ ವೈಯಕ್ತಿಕ ಲೋಪವೆಂದು ಕಾಣುವ ಹಳೆಯ ದೃಷ್ಟಿ ವಿಮಾ ಕರಾರುಗಳಲ್ಲಿ ಉಳಿದುಬಂದಿರುವುದಕ್ಕೆ ಈ ಷರತ್ತು ಒಂದು ಉದಾಹರಣೆ.

ಬೊಜ್ಜಿನ ಚಿಕಿತ್ಸೆಗೆ ವಿಮೆಯ ನಿಯಮಗಳು

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳನ್ನು ಏಕರೂಪಗೊಳಿಸುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಪ್ರಮಾಣಿತ ಕಲಮು ಈ ಕೆಳಗಿನ ಎಲ್ಲ ಷರತ್ತುಗಳು ಪೂರೈಸದಿದ್ದರೆ ವೆಚ್ಚವನ್ನು ಹೊರಗಿಡುತ್ತದೆ:

• ಶಸ್ತ್ರಚಿಕಿತ್ಸೆಯು ವೈದ್ಯರ ಸಲಹೆಯಂತೆ ನಡೆಯಬೇಕು.
• ಅದಕ್ಕೆ ವೈದ್ಯಕೀಯ ಶಿಷ್ಟಾಚಾರಗಳ ಬೆಂಬಲವಿರಬೇಕು.
• ವಿಮಾದಾರರಿಗೆ 18 ವರ್ಷ ತುಂಬಿರಬೇಕು.
• ದೇಹದ್ರವ್ಯರಾಶಿ ಸೂಚ್ಯಂಕ 40 ಅಥವಾ ಹೆಚ್ಚಿರಬೇಕು. ಇಲ್ಲವೇ ಅದು 35 ಅಥವಾ ಹೆಚ್ಚಿದ್ದು, ತೂಕ ಇಳಿಸುವ ಸೌಮ್ಯ ವಿಧಾನಗಳು ವಿಫಲವಾದ ನಂತರ, ಬೊಜ್ಜಿನಿಂದ ಉಂಟಾದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ವರೂಪದ ನಿದ್ರಾ ಉಸಿರುಕಟ್ಟುವಿಕೆ ಅಥವಾ ನಿಯಂತ್ರಣಕ್ಕೆ ಬಾರದ ಮಧುಮೇಹ (ಎರಡನೆಯ ಬಗೆ) ಇವುಗಳಲ್ಲೊಂದು ಇರಬೇಕು.

ಈ ಮಿತಿಗಳ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. 160 ಸೆಂ.ಮೀ. ಎತ್ತರದ ವ್ಯಕ್ತಿ ಭಾರತೀಯ ಮಾನದಂಡದಂತೆ 64 ಕಿ.ಗ್ರಾಂ. ತೂಕದಲ್ಲಿಯೇ ಬೊಜ್ಜಿನ ವರ್ಗಕ್ಕೆ ಸೇರುತ್ತಾರೆ. ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಅರ್ಹರಾಗಲು ಗಂಭೀರ ಕಾಯಿಲೆಯ ಜೊತೆಗೆ ಸುಮಾರು 90 ಕಿ.ಗ್ರಾಂ., ಕಾಯಿಲೆಯಿಲ್ಲದಿದ್ದರೆ ಸುಮಾರು 102 ಕಿ.ಗ್ರಾಂ. ತೂಗಬೇಕು. 64ರಿಂದ 90 ಕಿ.ಗ್ರಾಂ.ವರೆಗಿನ ಅಂತರದಲ್ಲಿ ಬಹುಸಂಖ್ಯೆಯ ನೌಕರರಿದ್ದಾರೆ. ಆ ಹಂತದಲ್ಲಿ ಉಪಯುಕ್ತವಾದ ಆಹಾರ ತಜ್ಞರ ಸಲಹೆ, ವ್ಯಾಯಾಮ ಮಾರ್ಗದರ್ಶನ ಮತ್ತು ಔಷಧಗಳಿಗೆ ಸಾಮಾನ್ಯ ಪಾಲಿಸಿಗಳಲ್ಲಿ ಹಣ ದೊರೆಯುವುದಿಲ್ಲ. ಸೌಮ್ಯ ವಿಧಾನಗಳು ವಿಫಲವಾಗಿರಬೇಕೆಂದು ಕಲಮು ಕೇಳುತ್ತದೆ. ಆ ವಿಧಾನಗಳ ವೆಚ್ಚ ಮಾತ್ರ ನೌಕರನದೇ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಮೊದಲಾದ ಚುಚ್ಚುಮದ್ದುಗಳೂ ಹೊರರೋಗಿ ಔಷಧಗಳಾಗಿರುವುದರಿಂದ ಇದೇ ಅಂತರಕ್ಕೆ ಬೀಳುತ್ತವೆ.

ಕ್ಷೇಮ ಮತ್ತು ಮುನ್ನೆಚ್ಚರಿಕೆ ಸೌಲಭ್ಯಗಳು

2020ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರವು ವಿಮೆಯೊಂದಿಗೆ ನೀಡಬಹುದಾದ ಕ್ಷೇಮ ಸೌಲಭ್ಯಗಳ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು. ಇದರಂತೆ ಆರೋಗ್ಯಕರ ಅಭ್ಯಾಸಗಳಿಗೆ ಅಂಕಗಳನ್ನು ನೀಡಿ, ಅವುಗಳ ಬದಲಿಗೆ ಹೊರರೋಗಿ ಸಮಾಲೋಚನೆ, ತಪಾಸಣೆ, ಯೋಗ ಕೇಂದ್ರ ಅಥವಾ ವ್ಯಾಯಾಮಶಾಲೆಯ ಸದಸ್ಯತ್ವದ ಚೀಟಿ, ನವೀಕರಣದ ವೇಳೆ ಪ್ರೀಮಿಯಂ ರಿಯಾಯಿತಿ ಮುಂತಾದವನ್ನು ಒದಗಿಸಲು ಕಂಪನಿಗಳಿಗೆ ಅವಕಾಶವಿದೆ. ಗುಂಪು ಪಾಲಿಸಿಯ ಷರತ್ತುಗಳನ್ನು ಉದ್ಯೋಗದಾತರು ಚರ್ಚಿಸಿ ನಿಗದಿಪಡಿಸುವುದರಿಂದ, ಹೊರರೋಗಿ ವೆಚ್ಚ ಮತ್ತು ಆಹಾರ ತಜ್ಞರ ಸಲಹೆಯನ್ನು ಸೇರಿಸಿಕೊಳ್ಳಲು ಸಾಧ್ಯ. ಇದಕ್ಕೆ ಪ್ರೀಮಿಯಂ ಏರುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 40 ವರ್ಷ ಮೀರಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಸೌಲಭ್ಯವಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನ್‌ಗೆ ಅವಕಾಶ ಕಲ್ಪಿಸಲಾಗಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 100. ಕ್ಯಾಂಟೀನಿನ ಊಟ-ತಿಂಡಿಯ ಆಯ್ಕೆ ವಿಮೆಯ ವ್ಯಾಪ್ತಿಗೆ ಬಾರದಿದ್ದರೂ ತೂಕ ನಿರ್ವಹಣೆಯಲ್ಲಿ ಅದಕ್ಕೆ ನೇರ ಪಾತ್ರವಿದೆ. ಹಳೆಯ ಆದಾಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮುನ್ನೆಚ್ಚರಿಕೆಯ ತಪಾಸಣೆಯ ವೆಚ್ಚದಲ್ಲಿ 5,000 ರೂಪಾಯಿವರೆಗೆ ಕಡಿತವೂ ದೊರೆಯುತ್ತದೆ.

ಪರಿಣಾಮಕಾರಿತ್ವ

ಇಂತಹ ಕಾರ್ಯಕ್ರಮಗಳ ಫಲದ ಬಗ್ಗೆ ದೊರೆತ ಸಾಕ್ಷ್ಯ ಮಿಶ್ರವಾಗಿದೆ. ಅಮೆರಿಕದ ಒಂದು ಸಗಟು ಮಾರಾಟ ಸಂಸ್ಥೆಯ 160 ಕೆಲಸದ ತಾಣಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಷೇಮ ಕಾರ್ಯಕ್ರಮಕ್ಕೆ ಒಳಪಟ್ಟವರು ವ್ಯಾಯಾಮ ಮತ್ತು ತೂಕದ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಿರುವುದಾಗಿ ಹೇಳಿಕೊಂಡರು. ಆದರೆ 18 ತಿಂಗಳ ನಂತರ ಅವರ ದೇಹದ್ರವ್ಯರಾಶಿ ಸೂಚ್ಯಂಕ, ರಕ್ತದೊತ್ತಡ, ವೈದ್ಯಕೀಯ ವೆಚ್ಚ ಅಥವಾ ಗೈರುಹಾಜರಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದ ಫಲಿತಾಂಶ ಬೇರೆ ಬಗೆಯದು. ಮಧುಮೇಹದ ಅಂಚಿನಲ್ಲಿದ್ದವರಿಗೆ ಆಹಾರ ಮತ್ತು ನಡಿಗೆಯ ಬಗ್ಗೆ ನಿರಂತರ ಸಲಹೆ ನೀಡಿದಾಗ ಮಧುಮೇಹದ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಅವರ ತೂಕ ಮಾತ್ರ ಇಳಿಯಲಿಲ್ಲ. ಆದ್ದರಿಂದ ತೂಕದ ಯಂತ್ರ ತೋರಿಸುವ ಅಂಕಿಯೊಂದನ್ನೇ ಕಾರ್ಯಕ್ರಮದ ಯಶಸ್ಸಿನ ಅಳತೆಯಾಗಿ ಹಿಡಿಯುವುದು ಸರಿಯಲ್ಲ. ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ಸೊಂಟದ ಸುತ್ತಳತೆಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಗೌಪ್ಯತೆ ಮತ್ತು ಟೀಕೆ

ತೂಕ ಇಳಿಸುವ ಸ್ಪರ್ಧೆ, ಹೆಸರು ಸಹಿತ ಪಟ್ಟಿ ಮುಂತಾದ ಕ್ರಮಗಳು ದಪ್ಪ ಮೈಕಟ್ಟಿನವರನ್ನು ಸಹೋದ್ಯೋಗಿಗಳ ಎದುರು ಅವಮಾನಕ್ಕೆ ಗುರಿಪಡಿಸುತ್ತವೆ ಎಂಬುದು ಮುಖ್ಯ ಆಕ್ಷೇಪ. ಅವಮಾನಕ್ಕೆ ಅಂಜಿದವರು ತಪಾಸಣೆಯಿಂದಲೇ ದೂರವಾದರೆ ಮೂಲ ಉದ್ದೇಶ ವಿಫಲವಾಗುತ್ತದೆ. ತಪಾಸಣೆಯ ವಿವರ ಮೇಲಧಿಕಾರಿಗಳ ಕೈಸೇರಿ ಬಡ್ತಿ ಅಥವಾ ವರ್ಗಾವಣೆಯ ಮೇಲೆ ಪ್ರಭಾವ ಬೀರಬಹುದೆಂಬ ಆತಂಕವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಆರೋಗ್ಯದ ಮಾಹಿತಿಗೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿಲ್ಲ. ಆದ್ದರಿಂದ ವೈಯಕ್ತಿಕ ಫಲಿತಾಂಶ ನೌಕರನಿಗೆ ಮತ್ತು ವೈದ್ಯರಿಗೆ ಮಾತ್ರ, ಸಂಸ್ಥೆಗೆ ಹೆಸರಿಲ್ಲದ ಒಟ್ಟು ಅಂಕಿಅಂಶ ಎಂಬ ವ್ಯವಸ್ಥೆಯನ್ನು ಕರಾರಿನಲ್ಲಿಯೇ ಬರೆದುಕೊಳ್ಳುವುದು ಸುರಕ್ಷಿತ ಮಾರ್ಗ. ದೀರ್ಘ ಪಾಳಿ, ರಾತ್ರಿ ಕೆಲಸ, ಊಟಕ್ಕೆ ಬಿಡುವಿಲ್ಲದಿರುವುದು ಮೊದಲಾದ ಕಾರಣಗಳನ್ನು ಹಾಗೆಯೇ ಉಳಿಸಿಕೊಂಡು ಹೊಣೆಯನ್ನೆಲ್ಲ ನೌಕರನ ಮೇಲೆ ಹೊರಿಸಲಾಗುತ್ತದೆ ಎಂಬುದು ಇನ್ನೊಂದು ಟೀಕೆ.

ಉದ್ಯೋಗ ವಿಮೆಯ ಹೊರಗಿರುವವರು

ಎರ್ಮಾಳ್‌ನಂತಹ ಊರುಗಳ ಸ್ವಂತ ದುಡಿಮೆಯ ಮೀನುಗಾರರು ಮತ್ತು ಕೃಷಿಕರಿಗೆ ಉದ್ಯೋಗದಾತರೆಂಬವರಿಲ್ಲ. ಇವರಿಗೆ ಬೇರೆ ಯೋಜನೆಗಳೇ ಆಸರೆ. ಮಣಿಪಾಲದ ಆಸ್ಪತ್ರೆ ಸಮೂಹವು 2000ದಲ್ಲಿ ಆರಂಭಿಸಿದ ಮಣಿಪಾಲ ಆರೋಗ್ಯ ಕಾರ್ಡ್ ಹೊರರೋಗಿ ಸೇವೆಯಲ್ಲಿಯೂ ರಿಯಾಯಿತಿ ನೀಡುತ್ತದೆ, ಅದು ವಿಮೆಯಲ್ಲ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗಾಗಿ ರೂಪುಗೊಂಡದ್ದು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಹೋಗಿ, 2023ರಲ್ಲಿ ಪುನಃ ಆರಂಭವಾಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಲಭ್ಯ. ಇವೆಲ್ಲವೂ ಮುಖ್ಯವಾಗಿ ರೋಗ ಬಂದ ಮೇಲಿನ ಆಸರೆಗಳು. ರೋಗ ಬರುವ ಮೊದಲಿನ ತೂಕ, ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆಗೆ ಈ ವರ್ಗದವರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ಅವಲಂಬಿಸಿದ್ದಾರೆ.