ಗುಂಡಿಗೆ ಮೇಣ ತುಂಬುವ ಪ್ರೆಸ್ಸಿನ ದೋಷಗಳು: ಕೊಳ್ಳೇಗಾಲ ಸೀಮೆಯ ಹೆಜ್ಜೇನು ಮೇಣದ ಹಿನ್ನೆಲೆಯಲ್ಲಿ ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಎರಕದ ಸೀಸದ ಗುಂಡಿನ ಸುತ್ತಲ ತೋಡುಗಳಿಗೆ ಮೇಣ ತುಂಬಿ, ಅದೇ ಒತ್ತಿನಲ್ಲಿ ಗುಂಡಿನ ವ್ಯಾಸವನ್ನು ಗೊತ್ತಾದ ಅಳತೆಗೆ ತರುವ ಕೈಪ್ರೆಸ್ಸಿನ ದೋಷಗಳು ಈ ಟಿಪ್ಪಣಿಯ ವಸ್ತು. ಪ್ರೆಸ್ಸು ಅಮೆರಿಕದ ಸರಕು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಇದರ ನಂಟು ಯಂತ್ರದಿಂದಲ್ಲ, ಯಂತ್ರದೊಳಗೆ ಹೋಗುವ ಜೇನುಮೇಣದಿಂದ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಸೋಲಿಗರು ಕೀಳುವ ಜೇನಿನಲ್ಲಿ ಹೆಜ್ಜೇನಿನ ಪಾಲು ದೊಡ್ಡದು. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ನಿಷಿದ್ಧ. ಮುಂದಿನ ಮಾತನ್ನು ಆ ಮಿತಿಯೊಳಗೆ ಓದಿಕೊಳ್ಳಬೇಕು.

2. ಯಂತ್ರ ಮತ್ತು ಕಾಲ

ಈ ಬಗೆಯ ಪ್ರೆಸ್ಸಿನ ಹಳೆಯ ಮಾದರಿಗಳಲ್ಲಿ ಹೆಸರಾದವು ಐಡಿಯಲ್ ಕಂಪನಿಯವು. ಜಾನ್ ಬಾರ್ಲೋ 1884ರಲ್ಲಿ ಆರಂಭಿಸಿದ ಈ ಕಂಪನಿ 1925ರಲ್ಲಿ ಲೈಮನ್ ಕಂಪನಿಯ ಕೈಸೇರಿತು. ಜಿ.ಪಿ. ಸ್ಯಾಂಡರ್ಸನ್ ಬಿಳಿಗಿರಿ ತಪ್ಪಲಿನ ಬೇಟೆಯನ್ನೂ ಕೋವಿಗಳನ್ನೂ ಕುರಿತು ಬರೆದ ಪುಸ್ತಕ ಪ್ರಕಟವಾದದ್ದು 1878ರಲ್ಲಿ, ಅಂದರೆ ಆ ಕಂಪನಿ ಹುಟ್ಟುವುದಕ್ಕೂ ಆರು ವರ್ಷ ಮೊದಲು. ಆದ್ದರಿಂದ ಸ್ಯಾಂಡರ್ಸನ್ ಬರಹವನ್ನು ಪ್ರೆಸ್ಸಿನ ಬಳಕೆಗೆ ಸಾಕ್ಷಿಯಾಗಿ ತರುವುದು ಕಾಲಕ್ರಮಕ್ಕೆ ಒಗ್ಗುವುದಿಲ್ಲ.

ಲೈಮನ್ 450, ಆರ್‌ಸಿಬಿಎಸ್ ಕಂಪನಿಯ ಪ್ರೆಸ್ಸು ಮೊದಲಾದವುಗಳ ರಚನೆ ಬಹುಮಟ್ಟಿಗೆ ಒಂದೇ. ಹಿಡಿಕೆ ಎಳೆದರೆ ಮೇಲಿನ ಪಂಚ್ ಗುಂಡಿನ ಮೂತಿಯನ್ನು ಒತ್ತಿ ಡೈ ಒಳಕ್ಕೆ ಇಳಿಸುತ್ತದೆ. ಡೈ ಗೋಡೆಯ ಸಣ್ಣ ತೂತುಗಳ ಮೂಲಕ ಪಕ್ಕದ ಸಿಲಿಂಡರಿನ ಮೇಣ ತೋಡಿಗೆ ನುಗ್ಗುತ್ತದೆ. ಕೆಳಗಿನ ಕಂಬಿ ಗುಂಡನ್ನು ಮತ್ತೆ ಮೇಲೆತ್ತುತ್ತದೆ. ಮೇಣದ ಮೇಲಿನ ಒತ್ತಡ ತಿರುಪಿನಿಂದ ಬರುತ್ತದೆ; ಗುಂಡು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಇನ್ನೊಂದು ತಿರುಪು ಗೊತ್ತುಮಾಡುತ್ತದೆ. ಸ್ಟಾರ್ ಪ್ರೆಸ್ಸಿನಲ್ಲಿ ಗುಂಡು ಡೈ ದಾಟಿ ಕೆಳಗೆ ಬೀಳುವುದರಿಂದ ಅದರ ಲಕ್ಷಣಗಳು ಬೇರೆ. ಅದು ಇಲ್ಲಿನ ವಿಚಾರವಲ್ಲ.

3. ದೋಷ ಗುರುತಿಸುವುದು

3.1 ತೋಡು ತುಂಬದಿರುವುದು. ದೂರುಗಳಲ್ಲಿ ಇದೇ ಮೊದಲನೆಯದು, ಮತ್ತು ತಿರುಪನ್ನು ಇನ್ನೂ ಬಿಗಿಮಾಡುವುದೇ ಮೊದಲು ಹೊಳೆಯುವ ಪರಿಹಾರ. ಅದಕ್ಕೆ ಕೈಹಾಕುವ ಮೊದಲು ಖಾಲಿ ಬಿದ್ದ ಜಾಗ ಯಾವುದೆಂದು ನೋಡಿಕೊಳ್ಳಬೇಕು. ಗುಂಡಿನಿಂದ ಗುಂಡಿಗೆ ಪ್ರೆಸ್ಸಿನ ಒಂದೇ ಬದಿಯಲ್ಲಿ ಖಾಲಿ ಉಳಿದರೆ ಆ ಬದಿಯ ತೂತು ಕಟ್ಟಿಕೊಂಡಿರುವ ಸಂಭವ ಹೆಚ್ಚು: ಗಟ್ಟಿಯಾದ ಹಳೆಯ ಮೇಣ ಅಥವಾ ಸೀಸದ ಚೂರು. ಸುತ್ತಲೂ ಸಮವಾಗಿ, ಆದರೆ ಮೇಲಿನ ಅಥವಾ ಕೆಳಗಿನ ತೋಡು ಮಾತ್ರ ಖಾಲಿಯಿದ್ದರೆ ತೂತುಗಳ ಸಾಲಿಗೂ ತೋಡಿಗೂ ಮಟ್ಟ ಕೂಡಿಲ್ಲ. ಆಳದ ತಿರುಪನ್ನು ತಿದ್ದಬೇಕು. ಯಾವ ಕ್ರಮವೂ ಇಲ್ಲದೆ ಒಂದು ತುಂಬಿ ಇನ್ನೊಂದು ಖಾಲಿ ಬಂದರೆ ಸಿಲಿಂಡರಿನೊಳಗಿನ ಗಾಳಿ, ಕುಸಿದ ಒತ್ತಡ ಅಥವಾ ತಣ್ಣಗಾಗಿ ಬಿಗಿದ ಮೇಣ, ಈ ಮೂರರಲ್ಲಿ ಒಂದು. ಈ ಮೂರನೇ ಗುಂಪನ್ನೇ ಡೈ ದೋಷವೆಂದು ತಪ್ಪಾಗಿ ಎಣಿಸುವ ಸಾಧ್ಯತೆ ಹೆಚ್ಚು ಎಂಬುದು ಟಿಪ್ಪಣಿಕಾರರ ಅಭಿಪ್ರಾಯ. ಡೈ ಬದಲಿಸುವಾಗ ಮೇಣವೂ ಕೈಯ ಬಿಸಿಗೆ ಮೆತ್ತಗಾಗಿ ದೋಷ ತಾತ್ಕಾಲಿಕವಾಗಿ ಮರೆಯಾಗಬಹುದು.

3.2 ಬುಡದಲ್ಲಿ ಮೇಣ. ಗುಂಡಿನ ಬುಡಕ್ಕೆ ತೆಳು ಬಿಲ್ಲೆಯಂತೆ ಮೇಣ ಅಂಟಿದ್ದರೆ ಒತ್ತಡ ಹೆಚ್ಚಾಗಿದೆ, ಇಲ್ಲವೇ ಗುಂಡು ಕಂಬಿಯ ಮೇಲೆ ಪೂರ್ತಿ ಕೂತಿಲ್ಲ. ಬುಡದ ಅಂಚು ಓರೆಯಾಗಿರುವ ಗುಂಡುಗಳಲ್ಲಿ ಆ ಓರೆಗೆ ಮೇಣ ಮೆತ್ತುವುದು ರಚನೆಯಿಂದಲೇ ಬರುವ ತೊಂದರೆ. ಅದನ್ನು ತಿರುಪಿನಿಂದ ಪೂರ್ತಿ ಹೋಗಲಾಡಿಸಲಾಗದು. ಡೈ ಕೂರುವ ಜಾಗದಿಂದಲೇ ಮೇಣ ಜಿನುಗಿದರೆ ಓ-ರಿಂಗ್ ನೋಡಬೇಕು.

3.3 ಒಂದು ಬದಿ ಸೀಸ ಹೆರೆಯುವುದು. ಇಲ್ಲಿ ಒಂದು ಸರಳ ಪರೀಕ್ಷೆಯಿದೆ. ಅಚ್ಚಿನ ಕೂಡುಗೆರೆಯನ್ನು ಗುರುತಾಗಿಟ್ಟು, ಅದೇ ಎರಕದ ಕೆಲವು ಗುಂಡುಗಳನ್ನು ಒಂದು ದಿಕ್ಕಿನಲ್ಲೂ ಉಳಿದವನ್ನು ಅರ್ಧ ಸುತ್ತು ತಿರುಗಿಸಿಯೂ ಹಾಕಬೇಕು. ಹೆರೆತ ಪ್ರೆಸ್ಸಿನ ಅದೇ ಬದಿಯಲ್ಲಿ ಉಳಿದರೆ ಮೂತಿಗೆ ಹೊಂದದ ಪಂಚ್ ಅಥವಾ ಓರೆಯಾದ ಡೈ ಕಾರಣ. ಗುಂಡಿನ ಜೊತೆ ಸುತ್ತಿಬಂದರೆ ಎರಕವೇ ದುಂಡಗಿಲ್ಲ. ಹಳೆಯ ಡೈಗಳ ಬಾಯಲ್ಲಿ ಮೆಟ್ಟಿಲಿನಂಥ ಅಂಚಿರುವುದೂ ಉಂಟು. ಅಂಥವು ಸುತ್ತಲೂ ಹೆರೆಯಬಹುದು.

ಅಳತೆಯ ಬಗ್ಗೆ ಒಂದು ಮಾತು. ಇಂಚಿನ ಸಾವಿರದ ಒಂದಂಶ 0.0254 ಮಿ.ಮೀ. ಸಾಮಾನ್ಯ ವರ್ನಿಯರ್ ಕ್ಯಾಲಿಪರಿನ ಕನಿಷ್ಠ ಓದು 0.02 ಮಿ.ಮೀ. ಆದ್ದರಿಂದ ‘ಒಂದು ಸಾವಿರಾಂಶ ಇಳಿಸಿದೆ’ ಎಂಬ ಮಾತಿಗೆ ಮೈಕ್ರೋಮೀಟರಿನ ಓದು ಬೇಕೇ ಬೇಕು.

4. ಮೇಣ

ತೋಡಿಗೆ ತುಂಬುವ ಮೇಣಕ್ಕೆ ಅಮೆರಿಕದ ಪ್ರಸಿದ್ಧ ಪಾಕ ಜೇನುಮೇಣ ಅರ್ಧ, ಆಲಾಕ್ಸ್ 2138ಎಫ್ ಎಂಬ ಜಾರುಕ ವಸ್ತು ಅರ್ಧ, ಇದು ಇ.ಎಚ್. ಹ್ಯಾರಿಸನ್ ಹೆಸರಿಗೆ ಸೇರಿದ್ದು. ಅಲ್ಲಿ ‘ಜೇನುಮೇಣ’ ಎಂದರೆ ಸಾಕುವ ಯುರೋಪಿನ ಜೇನಿನ ಮೇಣ. ನಮ್ಮ ಹೆಜ್ಜೇನು, ತುಡುವೆ, ಕೋಲುಜೇನುಗಳ ಮೇಣ ವ್ಯಾಪಾರದಲ್ಲಿ ಘೆಡ್ಡ ಎಂಬ ಬೇರೆ ಹೆಸರು ಪಡೆದಿದೆ. ಕರಗುವ ಬಿಂದುವಿನಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ; ಎರಡೂ ಸರಿಸುಮಾರು 60ರಿಂದ 66 ಡಿಗ್ರಿ ಸೆಲ್ಸಿಯಸ್ ನಡುವೆ ಬರುತ್ತವೆ. ವ್ಯತ್ಯಾಸ ಎದ್ದು ಕಾಣುವುದು ಆಮ್ಲಾಂಕದಲ್ಲಿ: ಯುರೋಪಿನ ಔಷಧಕೋಶ ಹಳದಿ ಮೇಣಕ್ಕೆ 17–22 ಎಂದು ನಿಗದಿಪಡಿಸಿದರೆ, ಘೆಡ್ಡ ಮೇಣಕ್ಕೆ ಸಾಮಾನ್ಯವಾಗಿ 10ಕ್ಕಿಂತ ಕಡಿಮೆ ವರದಿಯಾಗಿದೆ. ಹಾಗಾಗಿ ಯುರೋಪಿನ ಅಳತೆಗೋಲು ಹಿಡಿದವರಿಗೆ ಅಪ್ಪಟ ಹೆಜ್ಜೇನು ಮೇಣವೂ ಪ್ಯಾರಾಫಿನ್ ಬೆರೆತದ್ದಾಗಿ ಕಂಡೀತು.

ಆಮ್ಲಾಂಕ ನೇರವಾಗಿ ಜಾರುವಿಕೆಯ ಅಳತೆಯಲ್ಲ. ಕರಗುವ ಬಿಂದುವೂ, ಒತ್ತಡದಡಿ ಸಾಮಾನ್ಯ ಹವೆಯಲ್ಲಿ ಮೇಣ ಹೇಗೆ ಹರಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಪ್ರೆಸ್ಸಿಗೆ ಬೇಕಾದದ್ದು ಈ ಹರಿವೇ. ಆದ್ದರಿಂದ ತೂಕದ ಪ್ರಮಾಣ ಅದೇ ಇದ್ದರೂ ಹೆಜ್ಜೇನು ಮೇಣದಿಂದ ಮಾಡಿದ್ದನ್ನು ಹ್ಯಾರಿಸನ್ ಮಿಶ್ರಣ ಎಂದು ಕರೆಯುವುದು ಸರಿಯಲ್ಲ. ಹವೆಯ ಪಾತ್ರವೂ ಕಡಿಮೆಯಲ್ಲ. ಕೊಳ್ಳೇಗಾಲದ ಬಯಲು ಸಮುದ್ರಮಟ್ಟದಿಂದ ಸುಮಾರು 600–700 ಮೀಟರ್, ಬಿಳಿಗಿರಿಯ ದೇವಾಲಯದ ಸುತ್ತು ಸುಮಾರು 1500 ಮೀಟರ್. ಎತ್ತರದ ಲೆಕ್ಕದಲ್ಲೇ ಐದಾರು ಡಿಗ್ರಿ ಅಂತರ ನಿರೀಕ್ಷಿಸಬಹುದು. ಕೆಳಗೆ ಸರಾಗ ಹರಿದ ಮೇಣ ಮೇಲೆ 3.1ರ ಮೂರನೇ ಲಕ್ಷಣ ತೋರಿದರೆ ಡೈ ಬದಲಿಸುವ ಮೊದಲು ಸಿಲಿಂಡರನ್ನು ಹದವಾಗಿ ಬೆಚ್ಚಗಾಗಿಸಿ ನೋಡುವುದು ಯುಕ್ತ.

5. ಮೇಣದ ಮೂಲವನ್ನು ದಾಖಲಿಸುವಾಗ

ಹಳೆಯ ಕಡತಗಳಲ್ಲಿ ಈ ಮೂರು ತಾಲ್ಲೂಕುಗಳು ಒಂದೆಡೆ ಸಿಗುವುದಿಲ್ಲ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರಿನೊಳಗೆ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಹನೂರು ಕೊಳ್ಳೇಗಾಲದಿಂದ ಬೇರೆಯಾದ ವರ್ಷವನ್ನು ಘೋಷಣೆಯಿಂದ ಎಣಿಸಿದರೆ 2017, ಕಾರ್ಯಾರಂಭದಿಂದ ಎಣಿಸಿದರೆ 2018. ಹೀಗಾಗಿ ಹಳೆಯ ಪಟ್ಟಿಯ ‘ಕೊಳ್ಳೇಗಾಲದ ಮೇಣ’ ಇಂದಿನ ಹನೂರಿನ ಕಾಡಿನದೂ ಆಗಿರಬಹುದು.

ಕಾಡಿನ ಕಾನೂನೂ ಎರಡು ಬೆಟ್ಟಗಳಿಗೆ ಒಂದೇ ಸಮಯಕ್ಕೆ ಬಂದದ್ದಲ್ಲ. ಬಿಳಿಗಿರಿ 1974ರಲ್ಲಿ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಬಳಿಕ ಅಲ್ಲಿ ಮಾರಾಟಕ್ಕಾಗಿ ಜೇನು ಕೀಳುವುದಕ್ಕೆ ತಡೆ ಬಿತ್ತು. 2011ರಲ್ಲಿ ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಮಲೆ ಮಹದೇಶ್ವರ ಅಭಯಾರಣ್ಯವಾದದ್ದು 2013ರಲ್ಲಿ. ಮೇಣದ ಮಾದರಿಯ ಚೀಟಿಯಲ್ಲಿ ಮಾರುಕಟ್ಟೆಯ ಊರನ್ನಷ್ಟೇ ಬರೆಯದೆ ಬೆಟ್ಟ, ಜೇನಿನ ಜಾತಿ, ಕಿತ್ತ ತಿಂಗಳು, ಪ್ರೆಸ್ಸಿಗೆ ಹಾಕಿದ ದಿನದ ಕೋಣೆಯ ಉಷ್ಣತೆ, ಈ ನಾಲ್ಕನ್ನೂ ಬರೆದಿಡಬೇಕು.